ಐದನೇ ಗಂಟೆಯ ಕತ್ತಲು

ಅಕ್ಕ ತನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಯಾಕೆ ಕರೆತಂದಳು ಅಂತ ಅವಳಿಗೆ ಅರ್ಥವಾಗಲಿಲ್ಲ. ಎದುರಿಗೆ ಬಿಳಿ ಕೋಟು ತೊಟ್ಟವನೊಬ್ಬ ಹಲ್ಲು ಕೊರೆಯುವ ಯಂತ್ರ ಹಿಡಿದು ಕೂತಿದ್ದ.

"ನನ್ನ ಹಲ್ಲು ಚೆನ್ನಾಗಿವೆ" ಅಂದಳು, ಬಾಗಿಲಲ್ಲೇ ನಿಂತು.

ಅವನು ತಲೆಯೆತ್ತಿ ನೋಡಿದ, ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚಾಗಿಯೇ. "ಹೌದು, ಚೆನ್ನಾಗಿವೆ" ಅಂದ. ಅವನು ಉಜ್ಜುತ್ತಿದ್ದದ್ದು ಹಲ್ಲಲ್ಲ, ಬೆರಳುದ್ದದ ಕೆಂಪು ಕಾರೊಂದರ ಚಕ್ರ.

ಅವನು ಡಾಕ್ಟರೂ ಅಲ್ಲ. ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಅದು ಮುಗಿಸಿ ಕೋಟು ಬಿಚ್ಚದೆ ನೇರ ಈ ಕ್ಲಬ್ಬಿಗೆ ಬರುವವ. ಇಲ್ಲಿ ಎಲ್ಲರೂ ಅವನನ್ನು ಕರೆಯುವುದು ದಂತ ಅಂತ.

ಕ್ಲಬ್ಬು ಅಂದರೆ ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಉದ್ದನೆಯ ಹಾಲ್. ಹಾಲ್ ತುಂಬ ಮೇಜು, ಮೇಜಿನ ಮೇಲೆ ಕಪ್ಪು ರಸ್ತೆ, ರಸ್ತೆಯಲ್ಲಿ ಆರು ಸೀಳು. ಕರೆಂಟಿನಲ್ಲಿ ಓಡುವ ಆಟದ ಕಾರಿನ ಹೊಟ್ಟೆಯಡಿಯ ಸಣ್ಣ ಕಡ್ಡಿ ಸೀಳಿನಲ್ಲಿ ಕೂರುತ್ತದೆ. ಕೈಯಲ್ಲಿನ ಟ್ರಿಗರ್ ಒತ್ತಿದಷ್ಟು ಓಟ, ತಿರುವಿನಲ್ಲಿ ದುರಾಸೆಪಟ್ಟರೆ ಕಾರು ಹಾರಿ ನೆಲಕ್ಕೆ. ಹಿಂದೆ ಊರಿಂದ ಊರಿಗೆ, ಸಾಮಾನ್ಯ ರಸ್ತೆಗಳಲ್ಲೇ ಹಗಲೂ ರಾತ್ರಿ ನಡೆಯುತ್ತಿದ್ದ ದೊಡ್ಡ ರೇಸುಗಳ ನೆನಪಿಗೆ ಇಲ್ಲಿ ವರ್ಷಕ್ಕೊಮ್ಮೆ ಆರು ಗಂಟೆ ಹೊತ್ತಿನ ರೇಸು. ಒಂದು ತಂಡಕ್ಕೆ ಇಬ್ಬರು. ಸಮಯ ನೋಡಿಕೊಳ್ಳುವುದು ಅವಳ ಭಾವ.

"ಗೋಡೆ ನೋಡ್ಕೊಂಡು ಕೂರೋದಕ್ಕಿಂತ ಇದು ವಾಸಿ" ಅಂದಳು ಅಕ್ಕ.

ತಂಗಿ ಆಂಬುಲೆನ್ಸ್ ಡ್ರೈವರ್. ಆಗಿದ್ದಳು. ಏಳು ತಿಂಗಳ ಹಿಂದೆ ದೀಪವಿಲ್ಲದ ರಸ್ತೆಯೊಂದರಲ್ಲಿ ಎದುರಿನ ಲಾರಿ ಅವಳ ಬದಿಗೆ ನುಗ್ಗಿತ್ತು. ಅವಳು ಗಾಡಿಯನ್ನು ಹಳ್ಳಕ್ಕಿಳಿಸಿದಳು. ಹಿಂದೆ ಮಲಗಿದ್ದ ರೋಗಿ ಉಳಿದರು, ಪಕ್ಕದಲ್ಲಿದ್ದ ನರ್ಸಿನ ಕಾಲು ಮುರಿಯಿತು. ಅವಳಿಗೆ ಒಂದು ಗೀರೂ ಆಗಲಿಲ್ಲ. ಆದರೆ ಅಂದಿನಿಂದ ಕೀಲಿಯ ಹತ್ತಿರ ಕೈ ಹೋದರೆ ಸಾಕು, ಬೆರಳು ಮರಗಟ್ಟುತ್ತಿತ್ತು. ಈಗ ಅವಳು ಆಫೀಸಿನಲ್ಲಿ ಫೋನ್ ಎತ್ತುತ್ತಿದ್ದಳು.

ಮೂರು ತಿಂಗಳು ದಂತ ಅವಳಿಗೆ ಕಲಿಸಿದ. "ಒತ್ತಬೇಡಿ, ಸವರಿ" ಅನ್ನುತ್ತಿದ್ದ. ಅವಳು ಕಾರು ಹಾರಿಸಿದಾಗೆಲ್ಲ ಅವನೇ ಮೇಜಿನಡಿ ತೂರಿ ಹುಡುಕುತ್ತಿದ್ದ. ತಲೆಗೆ ಧೂಳು ಮೆತ್ತಿಕೊಂಡು ಎದ್ದಾಗ ಅವಳು ನಗುತ್ತಿದ್ದಳು, ಅವನು ಆ ನಗು ಮುಗಿಯುವವರೆಗೂ ಧೂಳು ಒರೆಸಿಕೊಳ್ಳುತ್ತಿರಲಿಲ್ಲ. ರೇಸು ಭಾನುವಾರ. ಸೋಮವಾರ ಅವಳು ಆಫೀಸಿನಲ್ಲಿ ಬರೆದುಕೊಡಬೇಕಿತ್ತು: ಗಾಡಿಯಾ, ಖಾಯಂ ಫೋನಾ.

ಭಾನುವಾರ ಮೊದಲ ನಾಲ್ಕು ಗಂಟೆ ಅವರ ಕೆಂಪು ಕಾರು ಎರಡನೇ ಜಾಗದಲ್ಲಿ ಓಡಿತು. ಆಮೇಲೆ ಭಾವ ಮೈಕ್ ತೆಗೆದುಕೊಂಡರು.

"ಇನ್ನು ಐದನೇ ಗಂಟೆ, ಅಂದ್ರೆ ನಮ್ಮ ರೇಸಿನ ರಾತ್ರಿ. ಕಿಟಕಿ ಮುಚ್ಚಿ. ಪ್ರತಿ ತಂಡದ ಇಬ್ಬರೂ ಅರ್ಧರ್ಧ ಗಂಟೆ ಓಡಿಸಲೇಬೇಕು, ಇಲ್ದಿದ್ರೆ ಆಟದಿಂದ ಹೊರಗೆ."

ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಯಿತು. ಅವಳು ದಂತನ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು" ಅಂದ ದಂತ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರ್ತಿರ್ಲಿಲ್ಲ. ನೀವು ಬರದೇ ಇದ್ರೆ ಅಂತ ಹೆದರ್ಕೊಂಡು ಬಾಯಿ ಮುಚ್ಕೊಂಡಿದ್ದೆ. ತಪ್ಪು ನಂದೇ. ಬೇಡ ಅಂದ್ರೆ ಈಗಲೇ ಕಾರು ಎತ್ತಿಡ್ತೀನಿ."

ಅವನ ಮುಖಕ್ಕೆ ಏನಾದರೂ ಎಸೆಯಬೇಕು ಅನ್ನಿಸಿತು ಅವಳಿಗೆ. ಕೈಗೆ ಸಿಕ್ಕಿದ್ದು ಟ್ರಿಗರ್ ಮಾತ್ರ. ಎಸೆಯಲಿಲ್ಲ, ಹಿಡಿದುಕೊಂಡಳು.

ದೀಪ ಆರಿತು. ಹನ್ನೆರಡು ಪುಟ್ಟ ಹೆಡ್‌ಲೈಟುಗಳು ಕತ್ತಲಲ್ಲಿ ಹೊರಟವು. ಮೊದಲ ಸುತ್ತು ಹೇಗೋ ಮುಗಿಯಿತು. ಎರಡನೆಯದರಲ್ಲಿ, ರಸ್ತೆ ಮಡಚಿ ವಾಪಸ್ಸು ಬರುವಲ್ಲಿ, ಎರಡು ಬೆಳಕು ನೇರ ಅವಳ ಕಡೆಗೆ ಬಂದವು.

ಅವಳ ಬೆರಳು ಕಲ್ಲಾಯಿತು. ಕಾರು ನಿಂತಿತು. ಕಿವಿಯಲ್ಲಿ ಆ ಲಾರಿಯ ಹಾರ್ನ್. ಉಸಿರೇ ಒಳಗೆ ಹೋಗಲಿಲ್ಲ. ಪಕ್ಕದ ಸೀಳುಗಳಲ್ಲಿ ಬೇರೆ ಕಾರುಗಳು ಸುಯ್ ಅಂತ ದಾಟಿದವು.

ಅವನು ಅವಳ ಕೈಯಿಂದ ಟ್ರಿಗರ್ ಕಿತ್ತುಕೊಳ್ಳಲಿಲ್ಲ. ಪಕ್ಕಕ್ಕೆ ಬಂದು ಮಂಡಿಯೂರಿದ.

"ಏನು ಕಾಣ್ತಿದೆ?"

"ಎದುರಿಗೆ ಬರ್ತಿದೆ" ಅಂದಳು.

"ಅದು ಪಕ್ಕದ ತಂಡದ ಪೋಸ್ಟ್‌ಮ್ಯಾನ್ ಓಡಿಸ್ತಿರೋ ಹಸಿರು ಕಾರು. ಅದರ ಸೀಳು ಬೇರೆ, ಮುಟ್ಟಲ್ಲ. ನೋಡ್ತಾ ಇರು, ದಾಟಿಹೋಗತ್ತೆ."

ಬೆಳಕು ಹತ್ತಿರವಾಯಿತು, ದೊಡ್ಡದಾಯಿತು, ದಾಟಿಹೋಯಿತು. ಅವನು 'ಇರಿ' ಅನ್ನುವ ಬದಲು 'ಇರು' ಅಂದದ್ದು ಅವಳಿಗೆ ಆಮೇಲೆ ಹೊಳೆಯಿತು.

"ನನಗೆ ನಿನಗಿಂತ ಹೆಚ್ಚು ಭಯ" ಅಂದ ಅವನು ಮೆಲ್ಲಗೆ. "ನಾಳೆ ನೀನು ಗಾಡಿ ಅಂತ ಬರೆದ್ರೆ, ರಸ್ತೇಲಿ ಸೈರನ್ ಕೇಳಿದಾಗೆಲ್ಲ ನನ್ನ ಕೈ ನಿಂತುಹೋಗತ್ತೆ. ಫೋನ್ ಅಂತಲೇ ಬರಿ ಅಂತ ಹೇಳೋಕೆ ಎಷ್ಟು ಸಲ ಬಾಯಿ ತೆರೆದಿದ್ದೀನೋ. ಹಾಗೆ ಹೇಳೋಕೆ ನಾನ್ಯಾರು ಅಂತ ಸುಮ್ಮನಾದೆ."

"ಇದನ್ನ ಈಗ್ಲೇ ಹೇಳ್ಬೇಕಿತ್ತಾ?"

"ಬೆಳಕಿದ್ದಾಗ ನನಗೆ ಮಾತು ಹೊರಡಲ್ಲ."

ಅಷ್ಟು ಹೆದರಿಕೆಯಲ್ಲೂ ಅವಳಿಗೆ ನಗು ಬಂತು. ನಕ್ಕಾಗ ಉಸಿರು ಒಳಗೆ ಹೋಯಿತು. ಬೆರಳು ಸವರಿದಳು. ಕಾರು ಮುಗ್ಗರಿಸಿ ಹೊರಟಿತು. ಮುಂದಿನ ತಿರುವಿನಲ್ಲಿ ಮತ್ತೆ ಬೆಳಕು ಎದುರಾಯಿತು, ಮತ್ತೆ ದಾಟಿಹೋಯಿತು. ಭಯ ಒಂದು ಸುತ್ತಿಗೂ ಕಡಿಮೆಯಾಗಲಿಲ್ಲ. ಅವಳು ಭಯಪಡುತ್ತಲೇ ಅರ್ಧ ಗಂಟೆ ಓಡಿಸಿದಳು.

ಆರು ತಂಡಗಳಲ್ಲಿ ಅವರು ಐದನೆಯವರಾದರು. ಭಾವ ಇಬ್ಬರ ಮುಖ ನೋಡಿ, "ಸೋತವರು ಇಷ್ಟೊಂದು ಕೆಂಪಾಗೋದನ್ನ ಇವತ್ತೇ ನೋಡಿದ್ದು" ಅಂದರು.

ಸೋಮವಾರ ಆಂಬುಲೆನ್ಸ್ ಆಫೀಸಿನ ಗೇಟಿನ ಹೊರಗೆ ಬಿಳಿ ಕೋಟು ನಿಂತಿತ್ತು.

"ಏನು ಬರೆದೆ?"

"ಗಾಡಿ."

ಅವನ ಮುಖದ ಬಣ್ಣ ಇಳಿಯಿತು. ಆದರೂ "ಸರಿ" ಅಂದ. ಆಮೇಲೆ, "ಪ್ರತಿ ಸಲ ತಲುಪಿದ ಮೇಲೆ ಒಂದು ಫೋನ್ ಮಾಡ್ತೀಯಾ?" ಅಂತ ಕೇಳಿದ.

"ದಿನಕ್ಕೆ ಹತ್ತು ಹನ್ನೆರಡು ಸಲ ಹೋಗ್ಬೇಕು. ಅಷ್ಟು ಸಲ ಕಟ್ಟಿಕೊಂಡ ಗಂಡನಿಗೂ ಯಾರೂ ಮಾಡಲ್ಲ."

"ನೀನು ಮಾಡಿದ್ರಾಯ್ತು. ಗಂಡನಿಗೆ."

ಅವಳು ಅವನನ್ನೇ ನೋಡಿದಳು. ಈ ಸಲ ಹಗಲು ಬೆಳಕಿತ್ತು, ಅವನು ಕಣ್ಣು ತಪ್ಪಿಸಲಿಲ್ಲ. ಒಳಗಿನಿಂದ ಯಾರೋ ಅವಳನ್ನು ಕೂಗಿದರು. ಅವಳು ಓಡಿದಳು. ಗಾಡಿ ಹತ್ತಿ ಕೀಲಿ ಮುಟ್ಟಿದಾಗ ಬೆರಳು ನಡುಗಿತು. ನಡುಗುವ ಬೆರಳಲ್ಲೇ ತಿರುಗಿಸಿದಳು.

ಅವನು ಲ್ಯಾಬಿಗೆ ಹೋದ. ಯಂತ್ರ ಹಿಡಿದ, ಇಟ್ಟ. ನಲವತ್ತು ನಿಮಿಷ ಒಂದು ಹಲ್ಲನ್ನೂ ಮುಟ್ಟಲಿಲ್ಲ. ಕೊನೆಗೆ ಫೋನ್ ಬಂತು.

"ತಲುಪಿದೆ" ಅಂದಳು. "ಒಂದು ಕಡೆ ಗಾಡಿ ನಿಲ್ಲಿಸಿಬಿಡೋಣ ಅನ್ನಿಸ್ತು. ನಿಲ್ಲಿಸ್ಲಿಲ್ಲ. ಅಜ್ಜಿ ಒಬ್ಬರಿದ್ರು, ಪರವಾಗಿಲ್ಲ, ಹುಷಾರಾಗ್ತಾರಂತೆ."

ಅವನಿಗೆ ಮಾತು ಹೊರಡಲಿಲ್ಲ.

"ಇದೀಯಾ?"

"ಇದೀನಿ."

"ಹಾಗಾದ್ರೆ ಸಾಯಂಕಾಲ ಮನೆಗೆ ಬಾ. ಅಕ್ಕನ ಹತ್ತಿರ ನೀನೇ ಮಾತಾಡು, ನನಗೆ ಅವಳನ್ನ ಕಂಡ್ರೆ ಭಯ."