ಶಭಾಷ್ ಎನ್ನುವ ಟ್ಯಾಬು

ಒಂದನೇ ಕ್ಲಾಸಿನ ಟ್ಯಾಬುಗಳೆಲ್ಲ ಪಾಠದ ಒಂದೇ ಕಡೆ ನಿಂತುಬಿಡುತ್ತಿದ್ದವು. “ನಿಮಗೇನು ಬೇಕು?” ಎಂದು ಸಿದ್ದರಾಮೇಶನ ದನಿ ಕೇಳುತ್ತಿತ್ತು, ಆಮೇಲೆ ಸುಮ್ಮನಾಗುತ್ತಿತ್ತು. ಮಕ್ಕಳು ಉತ್ತರ ಹೇಳಲೆಂದು ಪ್ರತಿ ಪ್ರಶ್ನೆಯ ನಂತರ ಚೂರು ಬಿಡುವು ಇರುತ್ತಿತ್ತು, ನಿಜ. ಆದರೆ ಈ ಬಿಡುವು ಮುಗಿಯುವಂತೆಯೇ ಇರಲಿಲ್ಲ. ಟ್ಯಾಬಿನೊಳಗಿಂದ ಫ್ಯಾನಿನ ಕಿರುಗುಟ್ಟುವ ಸದ್ದು, ಯಾರದೋ ಬಳೆಯ ಸದ್ದು, ಅಷ್ಟೇ.

“ಸೈಕಲ್ ಬೇಕು!” “ಜಿಲೇಬಿ ಬೇಕು!” ಎಂದು ಕೂಗಿ ಮಕ್ಕಳಿಗೆ ಸಾಕಾಗುತ್ತಿತ್ತು. “ಟೀಚರ್, ಈ ಸರ್ ನಿದ್ದಿ ಮಾಡ್ಯಾರೇನ್ರಿ?” ಎಂದು ಪುಟ್ಟ ಮಂಗಳಾ ಕೇಳಿದಾಗ ತ್ರಿವೇಣಿ ಟೀಚರ್‌ಗೆ ನಗು ಬರಲಿಲ್ಲ. ಆ ಬಳೆ ತ್ರಿವೇಣಿಯದೇ.

ಆಂಧ್ರದ ರಾಯದುರ್ಗದಿಂದ ಬೆಳುಗುಪ್ಪಕ್ಕೆ ಹೋಗುವ ದಾರಿಯ ಈ ಕನ್ನಡ ಶಾಲೆಗೆ ಬಂದ ಟ್ಯಾಬುಗಳಲ್ಲಿ ಇದ್ದದ್ದೆಲ್ಲ ತೆಲುಗು ಪಾಠ. ಟ್ಯಾಬು ನೋಡಿಕೊಳ್ಳುವ ಸಿದ್ದರಾಮೇಶ, ಕನ್ನಡದ ಪಾಠ ನಾವೇ ಮಾಡಿಬಿಡೋಣ ಎಂದ. ಅವನು ಪ್ರಶ್ನೆ ಕೇಳುವುದು, ಬಿಡುವು ಕೊಡುವುದು, ತ್ರಿವೇಣಿ ‘ಶಭಾಷ್’ ಎನ್ನುವುದು. ಶಾಲೆ ಬಿಟ್ಟ ಮೇಲೆ ಇದೇ ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡಿದರು. ಕೊನೆಯ ಪಾಠದ ದಿನ ಅವನು ಟ್ಯಾಬು ಬಿಟ್ಟು ಅವಳನ್ನೇ ನೋಡುತ್ತ, “ನಿಮಗೇನು ಬೇಕು?” ಎಂದ. ಪಾಠದ ಪ್ರಶ್ನೆ ಅಲ್ಲವೆಂದು ಅವಳಿಗೆ ಗೊತ್ತಾಯಿತು. ಉತ್ತರವೂ ಗೊತ್ತಿತ್ತು. ಹೇಳಲಾಗದೆ ಬಳೆ ತಿರುಗಿಸುತ್ತ ಕೂತಳು. ಆಮೇಲೆ ಕಣ್ಣೊರೆಸಿಕೊಂಡು ಬರೀ ‘ಶಭಾಷ್’ ಹೇಳಿ ಎದ್ದು ಹೋದಳು. ಅವನನ್ನು ಮಡಕಶಿರಾ ಕಡೆಗೆ ವರ್ಗ ಮಾಡಿದ್ದರು. ಆ ಗಡಿಬಿಡಿಯಲ್ಲಿ ಆ ಉದ್ದದ ಬಿಡುವನ್ನು ಕತ್ತರಿಸದೆ ಪಾಠವನ್ನು ಹಾಗೆಯೇ ಟ್ಯಾಬುಗಳಿಗೆ ತುಂಬಿಸಿ ಹೊರಟುಬಿಟ್ಟ.

ಅವಳ ಬಾಯಿ ಕಟ್ಟಿದ್ದು ಅಮ್ಮನ ತಮ್ಮ ಯೋಗೀಶನ ಋಣ. ಅಪ್ಪ ತೀರಿಕೊಂಡ ಮೇಲೆ ತಾಯಿ ಮಗಳಿಬ್ಬರಿಗೂ ಅವನ ಮನೆಯೇ ಮನೆ. ಓದಿಸಿದವನು ಅವನೇ, ದಿನಾ ಗಾಡಿಯಲ್ಲಿ ಶಾಲೆಗೆ ಬಿಟ್ಟು ಕರೆದೊಯ್ಯುವವನೂ ಅವನೇ. ಸೋದರಮಾವನೇ ಇರುವಾಗ ಹೊರಗಿನ ಗಂಡು ಯಾಕೆ ಎಂದು ಅಮ್ಮ ಸೋಮವಾರಕ್ಕೆ ನಿಶ್ಚಿತಾರ್ಥ ಇಟ್ಟಿದ್ದಳು. ಯೋಗೀಶ ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಒಳ್ಳೆಯವನು, ಅದೇ ತೊಂದರೆ.

ಟ್ಯಾಬು ನಿಲ್ಲುತ್ತದೆಂಬ ದೂರು ಆಫೀಸಿಗೆ ಹೋಯಿತು. ಸರಿಮಾಡಲು ಸಿದ್ದರಾಮೇಶನನ್ನೇ ಕಳಿಸಿದರು. ಅವನು ಬಂದಾಗ ಮಕ್ಕಳು ಮನೆಗೆ ಹೋಗಿಯಾಗಿತ್ತು.

“ಕಂಪ್ಲೇಂಟ್ ನೀವು ಕೊಟ್ಟಿದ್ದೇನ್ರಿ?”

“ಹೆಡ್‌ಮಾಸ್ಟ್ರು. ನಾ ಯಾಕ ಕೊಡ್ಲಿ?”

“ದಿನಾ ನನ್ನ ದನಿ ಕೇಳಿ ಬ್ಯಾಸರ ಆಗಿರಬೇಕು ಅನ್ಕೊಂಡೆ.”

“ಆಗೈತಿ. ಎದುರಿಗೆ ಮನುಷ್ಯಾನೇ ಇರಲ್ಲ, ಬರೀ ದನಿ.”

ಅವನು ಟ್ಯಾಬಿನ ಗಾಜು ಒರೆಸುವ ನೆಪದಲ್ಲಿ ಅದರಲ್ಲಿ ಕಂಡ ಅವಳ ಮುಖವನ್ನೇ ನೋಡುತ್ತಿದ್ದ. ಅವಳೂ ಅದರಲ್ಲೇ ಅವನನ್ನು ನೋಡಿದಳು. ನೇರ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

“ಸಾಕು ಬಿಡ್ರಿ, ಗಾಜು ಸವದೀತು,” ಎಂದಳು.

ಅವನು ನಕ್ಕ. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. “ಸೋಮವಾರ ನಿಶ್ಚಿತಾರ್ಥ ಅಂತ ಕೇಳಿದೆ. ಆ ಬಿಡುವು ಕತ್ತರಿಸಿಬಿಡ್ಲೇನ್ರಿ?”

“ಕತ್ತರಿಸ್ರಿ.”

ಸಿಟ್ಟಿಗೋ ಸಂಕಟಕ್ಕೋ, ಅವನು ಚೂರೂ ಉಳಿಸದೆ ಕತ್ತರಿಸಿದ. ಸರಿಯಾಯಿತೇ ನೋಡಲು ಒತ್ತಿದ. “ನಿಮಗೇನು ಬೇಕು?” ಎಂದಿತು ಅವನ ದನಿ. “ಶಭಾಷ್!” ಎಂದಿತು ಒಡನೆಯೇ ಅವಳದು.

ಯಾರೂ ಏನೂ ಹೇಳಿರಲಿಲ್ಲ, ಆದರೂ ಶಭಾಷ್. ಮನೆಯಲ್ಲಿ ನಡೆಯುತ್ತಿದ್ದುದೂ ಇದೇ. ತ್ರಿವೇಣಿ ಬಾಯಿ ಬಿಡದಿದ್ದಷ್ಟೂ ಎಲ್ಲರೂ ಅವಳನ್ನು ಒಳ್ಳೆಯ ಹುಡುಗಿ ಎನ್ನುತ್ತಿದ್ದರು.

ಗೇಟಿನ ಹತ್ತಿರ ಹಾರ್ನ್ ಕೇಳಿತು. ಅವಳು ಎದ್ದು ನೇರ ಅಲ್ಲಿಗೇ ಹೋದಳು.

“ಹತ್ತು, ಸೀರಿ ಅಂಗಡಿಗೆ ಹೋಗ್ಬೇಕು. ಅಕ್ಕ ಕಾಯಾಕತ್ತಾಳ,” ಎಂದ ಯೋಗೀಶ.

“ಮಾಮ, ನನಗ ಈ ಮದಿವಿ ಬ್ಯಾಡ.”

ಅವನು ಗಾಡಿ ಆಫ್ ಮಾಡಿದ. “ನಾ ಏನರ ತಪ್ಪು ಮಾಡೀನೇನು?”

“ಇಲ್ಲ. ಅದಕ್ಕ ಇಷ್ಟು ದಿನ ಹೇಳಾಕ ಆಗ್ಲಿಲ್ಲ.”

ಯೋಗೀಶ ಅವಳ ಹಿಂದೆ, ಕೋಣೆಯ ಬಾಗಿಲಲ್ಲಿ ನಿಂತಿದ್ದ ಸಿದ್ದರಾಮೇಶನನ್ನು ನೋಡಿದ. “ಅಕ್ಕಗ ನೀನೇ ಹೇಳು. ನನ್ನ ಬಾಯಾಗ ಹೇಳಿಸಬ್ಯಾಡ,” ಎಂದು ಗಾಡಿ ತಿರುಗಿಸಿಕೊಂಡು ಒಬ್ಬನೇ ಹೋದ.

ಸಿದ್ದರಾಮೇಶ ಓಡಿಬಂದ. “ಬರ್ರಿ, ನಾ ಬಿಟ್ಟು ಬರ್ತೀನಿ.”

“ಬ್ಯಾಡ್ರಿ. ನಿಮ್ಮ ಗಾಡಿಯಿಂದ ಇಳಿದ್ರ ಅವ್ವ ನನ್ನ ಮಾತು ಕೇಳಂಗಿಲ್ಲ, ನಿಮ್ಮ ಮುಖಾನ ನೋಡ್ತಾಳ. ನಾ ಬಸ್ಸಿಗೆ ಹೋಗ್ತೀನಿ.”

“ಮತ್ತ ನಾನು?”

“ಭಾನುವಾರ ನಿಮ್ಮವ್ವನ್ನ ಕರ್ಕೊಂಡು ಬರ್ರಿ,” ಎಂದಳು. ಈಗ ನೇರವಾಗಿ ಅವನ ಕಣ್ಣನ್ನೇ ನೋಡುತ್ತಿದ್ದಳು. “ಮನಿ ಎಲ್ಲಿ ಅಂತ ಫೋನ್ ಮಾಡಿ ಹೇಳ್ತೀನಿ. ಅಷ್ಟೊತ್ತಿಗೆ ನಾನೂ ಅವ್ವನೂ ಯಾರ ಮನ್ಯಾಗ ಇರ್ತೀವೋ ನನಗೂ ಗೊತ್ತಿಲ್ಲ.”