ಎಡಕ್ಕೆ ಓಡಿದ ಪೆನ್ನು

“ಯಾರೂ ಟೇಬಲ್ ಅಲ್ಲಾಡಿಸ್ಬೇಡಿ! ಅಜ್ಜಿ, ನಿಂಗೇ ಕಣಜ್ಜಿ ಏಳ್ತಿರೋದು, ಕೈ ತೆಗಿ!”

ಮಹಾವೀರ ಕೂಗಿದ. ಟೇಬಲ್ ಮೇಲೆ ಅವನ ಸಿಎನ್‌ಸಿ ಮೆಷಿನ್ ಕಿರ್ರ್ ಅನ್ನುತ್ತಿತ್ತು. ಹಾಸನದ ಗುಜರಿ ಅಂಗಡಿಯಿಂದ ಹಳೆಯ ಡಿವಿಡಿ ಡ್ರೈವ್‌ಗಳನ್ನು ತಂದು, ಬಿಚ್ಚಿ, ಅವನೇ ಮಾಡಿದ್ದು. ಲ್ಯಾಪ್‌ಟಾಪ್ ಹೇಳಿದಂತೆ ಅದರ ಪೆನ್ನು ತಾನೇ ಓಡಾಡಿ ಚಿತ್ರ ಬರೆಯುತ್ತದೆ. ನೋಡನೋಡುತ್ತಲೇ ಕಾಗದದ ಮೇಲೆ ರಂಗೋಲಿ ಮೂಡಿತು.

“ಅಬ್ಬಬ್ಬಾ! ನಮ್ ಮಾವೀರ ಎಂಥ ಕಿಲಾಡಿ ಅಂತೀನಿ!” ಎಂದರು ಶ್ರದ್ಧಾಳ ಅಪ್ಪ.

ಶ್ರದ್ಧಾಳಿಗೆ ಮೈಯೆಲ್ಲ ಉರಿದುಹೋಯಿತು. ಮಹಾವೀರ ದೊಡ್ಡಪ್ಪನ ಮಗ, ಅವಳದೇ ಕ್ಲಾಸು. ಅವನನ್ನು ದೊಡ್ಡಪ್ಪ ಹೊಗಳಲಿ, ಬೇಡ ಅಂದವರು ಯಾರು? ಇವಳ ಸ್ವಂತ ಅಪ್ಪನಿಗೇನು ಬಂತು? ದಿನಾ ಬಾಗಿಲಿಗೆ ರಂಗೋಲಿ ಬಿಡುವ ಮಗಳಿಗೆ ಒಂದು ದಿನವಾದರೂ ಹೀಗೆ ಅಂದಿದ್ದಾರಾ?

ಅದೂ ಹೋಗಲಿ. ನಾಳೆ ಹೊಳೆನರಸೀಪುರದ ಅವರ ಶಾಲೆಯಲ್ಲಿ ವಿಜ್ಞಾನ ಮೇಳ. ಪ್ರತಿವರ್ಷ ಬೋರ್ಡಿನ ಮೇಲೆ ‘ಸುಸ್ವಾಗತ’ ಬರೆಯುವವಳು ಶ್ರದ್ಧಾ. ಈ ಸಲ ದಿವ್ಯಾ ಮಿಸ್, “ಮಹಾವೀರನ ಮೆಷಿನ್ನೇ ಗೆಸ್ಟ್ ಎದುರಿಗೆ ಬರೀಲಿ” ಅಂದುಬಿಟ್ಟಿದ್ದರು.

ಏನಾದರೂ ತಪ್ಪು ಸಿಗಲಿ ಅಂತಲೇ ಶ್ರದ್ಧಾ ಕಣ್ಣು ಕಿರಿದು ಮಾಡಿ ನೋಡಿದಳು. ಸಿಕ್ಕೇಬಿಟ್ಟಿತು! ಲ್ಯಾಪ್‌ಟಾಪಿನಲ್ಲಿ ಚುಕ್ಕಿ ಬಲಕ್ಕೆ ಹೋದರೆ ಪೆನ್ನು ಎಡಕ್ಕೆ ಹೋಗುತ್ತಿತ್ತು. ರಂಗೋಲಿ ಎರಡೂ ಕಡೆ ಒಂದೇ ಥರ ಇತ್ತಲ್ಲ, ಅದಕ್ಕೇ ಯಾರಿಗೂ ತಿಳಿಯಲಿಲ್ಲ. ಅಕ್ಷರ ಬರೆದರೆ? ಕನ್ನಡಿಯಲ್ಲಿ ಕಂಡಂತೆ ಉಲ್ಟಾ!

“ಅಕ್ಷರಾನೂ ಒಂದ್ಸಲ ಬರ್ಸಿ ನೋಡ್ಲಾ,” ಎಂದರು ಅಜ್ಜಿ.

“ಇಂಥ ರಂಗೋಲಿನೇ ಬಂತು, ಅಕ್ಷರ ಯಾವ ಲೆಕ್ಕ ಬಿಡಜ್ಜಿ!”

ಶ್ರದ್ಧಾ ಹೇಳಲು ಬಾಯಿ ತೆರೆದಳು. ಅಪ್ಪ ಇನ್ನೂ ಮಹಾವೀರನ ಬೆನ್ನು ತಟ್ಟುತ್ತಿದ್ದರು. ಬಾಯಿ ಮುಚ್ಚಿಕೊಂಡಳು.

ಮರುದಿನ ಅವಳು ಅಂದುಕೊಂಡ ಹಾಗೇ ಆಯಿತು. ಗೆಸ್ಟ್ ಬರುವ ಮುಂಚೆ ಒಮ್ಮೆ ನೋಡೋಣ ಎಂದು ಇಡೀ ಕ್ಲಾಸು ಮುತ್ತಿಕೊಂಡಿತ್ತು. ‘ಸುಸ್ವಾಗತ’ ಪೂರ್ತಿ ಉಲ್ಟಾ ಬಂತು.

“ಇದ್ಯಾವ್ ಭಾಷೆ ಕಣ್ಲಾ?” ಎಂದ ರಜನೀಶ್. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಶ್ರದ್ಧಾ, ನೀನೇ ಬೋರ್ಡ್ ಮೇಲೆ ಬರಿಯಮ್ಮ, ಬೇಗ,” ಎಂದರು ಮಿಸ್.

ಅವಳಿಗೆ ಬೇಕಾಗಿದ್ದೂ ಇದೇ ತಾನೆ? ಚಾಕ್‌ಪೀಸ್ ಹಿಡಿದು ‘ಸು’ ಬರೆದಳು.

ಬೋರ್ಡಿನ ಕೆಳಗೆ ಕುಳಿತು ಮಹಾವೀರ ಸ್ಕ್ರೂ ಬಿಚ್ಚುತ್ತಿದ್ದ. ಕಿವಿ ಕೆಂಪಾಗಿತ್ತು.

“ನಿನ್ನೆ ನೀನೂ ನೋಡ್ತಾ ಇದ್ಯಲ್ಲೇ,” ಎಂದ ಮೆಲ್ಲಗೆ. “ನಿನ್ ಕಣ್ಣಿಗೇ ಸಿಗ್ಲಿಲ್ಲ ಅಂದ್ಮೇಲೆ ನಂಗೆಲ್ಲಿ ಗೊತ್ತಾಗ್ಬೇಕು ಬಿಡು. ನಮ್ಮನೇಲಿ ಗೆರೆ ಸರಿಯಾಗಿ ಗೊತ್ತಿರೋದು ನಿಂಗೊಬ್ಳಿಗೇ.”

ಮುಂದಿನ ಅಕ್ಷರ ಬರೆಯಲು ಶ್ರದ್ಧಾಳ ಕೈ ಏಳಲಿಲ್ಲ.

“ಸಿಕ್ಕಿತ್ತು,” ಎಂದಳು.

“ಏನು?”

“ಪೆನ್ನು ಎಡಕ್ಕೆ ಓಗ್ತಿತ್ತು. ಬೇಕಂತಲೇ ಏಳ್ಲಿಲ್ಲ. ನಂಗೆ ಒಟ್ಟೆಕಿಚ್ಚಾಗಿತ್ತು.”

ಮಹಾವೀರ ಅವಳನ್ನೇ ನೋಡಿದ. ಅಷ್ಟು ಹೊತ್ತು ಬರದಿದ್ದ ಅಳು ಅವನಿಗೆ ಈಗ ಬಂತು.

“ಥೂ, ನೀನೆಂಥವಳೇ!”

ಮುಖ ತಿರುಗಿಸಿಕೊಂಡು ಮೋಟರಿನ ವೈರ್‌ಗಳನ್ನು ಅದಲುಬದಲು ಮಾಡಿದ. ಆನ್ ಮಾಡಿದ. ಪೆನ್ನು ಬಲಕ್ಕೆ ಓಡಿತು, ಅಕ್ಷರ ನೆಟ್ಟಗೆ ಬಂತು.

ಶ್ರದ್ಧಾ ಅವನ ಪಕ್ಕ ಬಂದು ಕುಳಿತಳು.

“ಪೆನ್ನು ಎತ್ತೋದು ಲೇಟಾಗ್ತೈತೆ,” ಎಂದಳು. “ಅಕ್ಷರದ ಮಧ್ಯೆ ಗೆರೆ ಬೀಳ್ತೈತೆ ನೋಡು.”

“ಎಲ್ಲಿ?”

ಅವಳು ಬೆರಳಿಟ್ಟು ತೋರಿಸಿದಳು. ಅವನು ಮೂಗೊರೆಸಿಕೊಂಡು ಲ್ಯಾಪ್‌ಟಾಪಿನಲ್ಲಿ ಏನೋ ಬದಲಾಯಿಸಿದ. ಈ ಸಲ ಅಕ್ಷರಗಳು ಬಿಡಿಬಿಡಿಯಾಗಿ ಬಂದವು.

“ಶ್ರದ್ಧಾ, ಬೋರ್ಡ್ ಆಯ್ತೇನಮ್ಮ? ಗೆಸ್ಟ್ ಬಂದ್ರು!”

“ಬೋರ್ಡ್ ಬೇಡ ಮಿಸ್. ಮೆಷಿನ್ನೇ ಬರಿಯುತ್ತೆ.”

ಹೇಳುವಾಗ ಅವಳಿಗೆ ಈಗಲೂ ಸ್ವಲ್ಪ ಉರಿಯಿತು. ಎದ್ದು ಹೋಗಿ, ಬೋರ್ಡಿನ ಮೇಲಿದ್ದ ಮುದ್ದಾದ ‘ಸು’ವನ್ನು ಅಂಗೈಯಲ್ಲೇ ಒರೆಸಿದಳು.