ಭಾವ ಮುಚ್ಚಿದ ಆರು ತೂತು

"ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ದೋಣಿ, ನದಿಯ ಕೆಳಭಾಗದ ಕಟ್ಟೆಗೆ ಬರಬೇಕು. ಅತಿಥಿಗಳು ದೋಣೀಲಿ ಕೂತು ಬರಬೇಕು, ಈಜಿಕೊಂಡಲ್ಲ," ಎಂದರು ನದಿ ಉದ್ಯಾನದ ಮೇಲ್ವಿಚಾರಕಿ.

ಚಿನ್ನಿ ತಲೆಯಾಡಿಸಿದಳು. ದೋಣಿ ಮಾರ್ಗದರ್ಶಿಯ ಪರವಾನಗಿಗೆ ಇದು ಅವಳ ಮೂರನೆಯ ಪರೀಕ್ಷೆ, ನಿಯಮದ ಪ್ರಕಾರ ಕೊನೆಯದು. ಸೋತರೆ ಮತ್ತೆ ಟಿಕೆಟ್ ಕಿಟಕಿಯ ಹಿಂದೆ ಕೂತು, ನದಿಗೆ ಹೋಗುವವರಿಗೆ ಚೀಟಿ ಹರಿದು ಕೊಡುತ್ತಿರಬೇಕು. ಆರು ವರ್ಷ ಹರಿದು ಅವಳಿಗೆ ಸಾಕಾಗಿತ್ತು. ಅತಿಥಿಗಳನ್ನು ನೀನೇ ಕರೆದುಕೊಂಡು ಬಾ ಎಂದಿದ್ದಕ್ಕೆ ಹೊಲಿಗೆ ಅಂಗಡಿಯ ಅಕ್ಕನನ್ನೂ ಪ್ಲಂಬರ್ ಭಾವನನ್ನೂ ಹೊರಡಿಸಿದ್ದಳು. ಮನೆಯವರಾದರೆ ಹೇಳಿದ ಮಾತು ಕೇಳುತ್ತಾರೆ ಎಂಬುದು ಅವಳ ಲೆಕ್ಕ. ಎಂಥ ಲೆಕ್ಕ!

ಗಾಳಿ ತುಂಬಿದ ಕೆಂಪು ರಬ್ಬರ್ ದೋಣಿ ನೀರಿಗಿಳಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಅಕ್ಕ ಎಡಕ್ಕೆ, ಭಾವ ಬಲಕ್ಕೆ ಹುಟ್ಟು ಹಾಕಿದರು. ಗಂಟೆ ಕಳೆಯುವಷ್ಟರಲ್ಲಿ ಕೈ ಹೊಂದಿತು. ನದಿ ಅಗಲವಾಗಿ, ಹಸಿರಾಗಿ ಹರಿಯುತ್ತಿತ್ತು. ದಡದ ಮರಗಳು ನೀರಿನ ಮೇಲೆ ಬಾಗಿದ್ದವು, ನೀರುಕಾಗೆಯೊಂದು ಕಲ್ಲಿನ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಸಂಜೆ ಮರಳದಿಣ್ಣೆಯ ಮೇಲೆ ಡೇರೆ ಹೂಡಿ, ಮೂವರೂ ಹಿಂದಿನ ಗುಡ್ಡ ಹತ್ತಿದರು. ಅಲ್ಲಿಂದ ಮರುದಿನದ ದಾರಿ ಪೂರ್ತಿ ಕಾಣುತ್ತಿತ್ತು. ಮೊದಲು ನೀರು ಕಲ್ಲುಗಳ ಮೇಲೆ ನುಗ್ಗಿ ಇಳಿಯುವ ಒಂದು ಸಣ್ಣ ರಭಸ, ಆಮೇಲೆ ಬಂಡೆಗೋಡೆಗಳ ನಡುವೆ ದೊಡ್ಡದು. ದೊಡ್ಡದರ ನಟ್ಟನಡುವೆ ನೀರನ್ನು ಎರಡು ಮಾಡುವ ಸೀಳುಬಂಡೆ.

"ಅದರ ಎಡಗಡೆಯಿಂದ ಹೋಗಬೇಕು. ಬಲಗಡೆ ಹೋದ್ರೆ ಸುಳಿ," ಎಂದಳು ಚಿನ್ನಿ. ಹೆದರಿಕೆಗಿಂತ ಉತ್ಸಾಹವೇ ಹೆಚ್ಚಾಗಿ ಅವಳ ಕೈ ತುರಿಸುತ್ತಿತ್ತು.

ಬೆಳಿಗ್ಗೆ ಅವಳು ಚಹಾ ಕಾಯಿಸುತ್ತಿದ್ದಾಗ ಭಾವ ದೋಣಿಯ ಹತ್ತಿರ ಏನೋ ಮಾಡುತ್ತಿದ್ದರು. ಸಾಮಾನು ಕಟ್ಟುತ್ತಿರಬೇಕು ಎಂದುಕೊಂಡಳು. ಹೊರಟರು.

ಸಣ್ಣ ರಭಸದಲ್ಲಿ ಅಲೆ ಎರಡು ಸಲ ಒಳಗೆ ನುಗ್ಗಿತು. ದೋಣಿ ದಾಟಿತು, ನೀರು ಮಾತ್ರ ಮೊಣಕಾಲ ಮಟ್ಟಕ್ಕೆ ನಿಂತೇ ಇತ್ತು.

"ನೀರು ಯಾಕೆ ಹೋಗ್ತಿಲ್ಲ?" ಎಂದಳು ಚಿನ್ನಿ.

"ಹೇಗೆ ಹೋಗತ್ತೆ?" ಭಾವ ಎದೆಯುಬ್ಬಿಸಿದರು. "ನಿನ್ನೆಯೆಲ್ಲ ತಳದಿಂದ ಜಿನುಗಿ ಕಾಲು ಒದ್ದೆ. ನೋಡಿದ್ರೆ ಆರು ತೂತು. ಆರಕ್ಕೂ ಪೈಪ್ ಸೋರದ ಹಾಗೆ ಹಾಕೋ ಗಟ್ಟಿ ಮೇಣ ಮೆತ್ತಿದೀನಿ. ಇನ್ನು ಒಂದು ಹನಿ ಸೋರಲ್ಲ."

ಚಿನ್ನಿ ಕಿರುಚಿದಳು. "ಭಾವ, ಒಳಗೆ ಬಂದ ನೀರು ಹೊರಗೆ ಹೋಗಲಿ ಅಂತಲೇ ಇಟ್ಟಿರೋ ತೂತು ಅವು!"

ಎರಡೂ ಕಡೆ ಬಂಡೆಗೋಡೆ ಎದ್ದಿತ್ತು. ನಿಲ್ಲಲು ದಡವಿರಲಿಲ್ಲ. ಮುಂದೆ ನದಿ ಗುಡುಗುತ್ತಿತ್ತು.

"ಕಿತ್ತು ಹಾಕಿ!"

ಭಾವ ಮಂಡಿಯೂರಿ ಉಗುರಲ್ಲಿ ಕೆರೆದರು. "ಬರ್ತಿಲ್ಲ. ಒಳ್ಳೇ ಮೇಣ ಇದು."

"ಮಾಡಿದ್ದುಣ್ಣೋ ಮಹರಾಯ," ಎಂದ ಅಕ್ಕ, ಸೊಂಟದ ಚೀಲದಿಂದ ನೂಲು ಕತ್ತರಿಸುವ ಸಣ್ಣ ಕತ್ತರಿ ತೆಗೆದು ಗಂಡನ ಕೈಗೆ ತುರುಕಿದಳು. "ರಬ್ಬರಿಗೆ ತಾಗಿಸೀರಿ ಮತ್ತೆ."

ನೀರು ತುಂಬಿದ ದೋಣಿ ಎಮ್ಮೆಯ ಹಾಗೆ ಮೈಭಾರವಾಗಿತ್ತು. ಹುಟ್ಟು ಹಾಕಿದರೆ ತಿರುಗುವುದು ಎಷ್ಟೋ ಹೊತ್ತಿಗೆ. ಹಾಗಾದರೆ ಈಗಲೇ ತಿರುಗಿಸಬೇಕು, ಬಂಡೆ ಕಾಣುವ ತನಕ ಕಾದರೆ ಕೆಟ್ಟೆವು ಎಂದು ಚಿನ್ನಿಗೆ ಹೊಳೆಯಿತು.

"ಅಕ್ಕ, ಬಲಗಡೆ ಹುಟ್ಟು ಎಳಿ, ಮೂತಿ ಎಡಕ್ಕೆ ತಿರುಗ್ಲಿ! ನಿಲ್ಲಿಸಬೇಡ!"

ಅಕ್ಕ ಎಳೆದಳು. "ಒಂದು ಬಿಚ್ತು," ಎಂದರು ಭಾವ. ಅಲೆ ಮೂವರ ತಲೆಯ ಮೇಲೆ ಒಡೆಯಿತು. "ಎರಡು."

ಸೀಳುಬಂಡೆ ಎದುರಿಗೇ ಬಂತು. ಚಿನ್ನಿ ಹಿಂದಿನ ಹುಟ್ಟಿಗೆ ಇಡೀ ಮೈ ಕೊಟ್ಟಳು. ದೋಣಿಯ ಮೂತಿ ನಿಧಾನವಾಗಿ, ಹೊಟ್ಟೆ ಉರಿಸುವಷ್ಟು ನಿಧಾನವಾಗಿ ಎಡಕ್ಕೆ ಹೊರಳಿತು. ಬಂಡೆ ದೋಣಿಯ ಪಕ್ಕೆಯನ್ನು ಉಜ್ಜಿಕೊಂಡು ಹಿಂದೆ ಸರಿಯಿತು. ಭಾವ ಆರನೆಯದನ್ನು ಬಿಚ್ಚುವಾಗ ದೋಣಿ ರಭಸ ದಾಟಿ ಶಾಂತ ನೀರಿಗೆ ಬಂದಿತ್ತು, ಒಳಗಿನ ನೀರು ಗಳಗಳನೆ ಇಳಿದು ಹೋಗುತ್ತಿತ್ತು. ಮೂವರೂ ಹುಚ್ಚರಂತೆ ನಕ್ಕರು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಕಟ್ಟೆ ಮುಟ್ಟಿದರು. ಮೇಲ್ವಿಚಾರಕಿ ದೋಣಿಯನ್ನು ಒಂದು ಸುತ್ತು ನೋಡಿದರು. ಎಲ್ಲ ಸರಿಯಾಗಿತ್ತು.

"ಏನಾದ್ರೂ ತೊಂದರೆ ಆಯ್ತಾ?"

ಭಾವ ಬಾಯಿ ತೆರೆದರು. ಚಿನ್ನಿ ಮೊದಲೇ ಹೇಳಿಬಿಟ್ಟಳು. "ಆಯ್ತು ಮೇಡಂ. ತಳದ ತೂತು ಮುಚ್ಚಿಹೋಗಿತ್ತು. ದೊಡ್ಡ ರಭಸಕ್ಕೆ ನೀರು ತುಂಬ್ಕೊಂಡೇ ಇಳಿದ್ವಿ."

"ಯಾರು ಮುಚ್ಚಿದ್ದು?"

"ಅದು ಯಾತಕ್ಕಿದೆ ಅಂತ ಇವರಿಗೆ ನಾನು ಹೇಳಿರಲಿಲ್ಲ. ಹೊರಡೋ ಮುಂಚೆ ತಳ ನೋಡಲೂ ಇಲ್ಲ. ತಪ್ಪು ನಂದು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಕ್ಕನ ಮುಖವೇ ಹೇಳುತ್ತಿತ್ತು. ಮೇಲ್ವಿಚಾರಕಿ ಹಾಳೆಯಲ್ಲಿ ಬಹಳ ಹೊತ್ತು ಬರೆದರು.

"ಇಂಥದ್ದನ್ನ ಹೇಳದೆ ಇದ್ದವರನ್ನೂ ನೋಡಿದೀನಿ," ಎಂದು ಪರವಾನಗಿಗೆ ಸಹಿ ಹಾಕಿದರು. "ನಾಳೆ ಏಳಕ್ಕೆ ಐದು ಜನ ಬರ್ತಾರೆ. ನೀನೇ ಕರ್ಕೊಂಡು ಹೋಗು."

ಚಿನ್ನಿಗೆ ಕೈಯೆತ್ತಿ ಕುಣಿಯಬೇಕೆನಿಸಿತು. ಕೈಗಳು ಭುಜದ ಮಟ್ಟಕ್ಕೂ ಏಳಲಿಲ್ಲ, ಅಷ್ಟು ಸೋತಿದ್ದವು.

"ಅಕ್ಕ, ನನ್ನ ಬದಲು ನೀನೇ ಚಪ್ಪಾಳೆ ತಟ್ಟೇ," ಎಂದಳು.

ಅಕ್ಕ ತಟ್ಟಿದಳು. ಮೇಣ ಮೆತ್ತಿದ ಕೈಯಲ್ಲೇ ಭಾವ ಅವಳಿಗಿಂತ ಜೋರಾಗಿ ತಟ್ಟಿದರು.